ಹೊಸ ಅಂತರಜಾಲ ವಿಳಾಸ: ಸಣ್ಣ ಸೇವಾದಾರರಿಗೆ ಸಕಾಲ ಯಾವುದು?

ತಾಲ್ಲೂಕು ಪಟ್ಟಣಗಳ ಅಂಗಡಿ, ಗೋದಾಮು ಹಾಗೂ ಸಣ್ಣ ಕಾರ್ಖಾನೆಗಳಿಗೆ ಅಂತರಜಾಲ ಸಂಪರ್ಕ ಒದಗಿಸುವವರಲ್ಲಿ ಸ್ಥಳೀಯ ಸಣ್ಣ ಸೇವಾದಾರರ ಪಾತ್ರ ದೊಡ್ಡದು. ಇವರಲ್ಲಿ ಹಲವರು ಕೇಬಲ್ ಟಿ.ವಿ. ವ್ಯವಹಾರದಿಂದ ಈ ಕ್ಷೇತ್ರಕ್ಕೆ ಬಂದವರು. ಹಳೆಯ ಐಪಿವಿ4 ವಿಳಾಸಗಳಿಗೆ ಇನ್ನಷ್ಟು ಹಣ ಸುರಿಯಬೇಕೆ ಅಥವಾ ಐಪಿವಿ6 ವ್ಯವಸ್ಥೆಯನ್ನು ಈಗಲೇ ಅಳವಡಿಸಿಕೊಳ್ಳಬೇಕೆ ಎಂಬ ಪ್ರಶ್ನೆ ಇವರ ಮುಂದಿದೆ. ಇದರ ಪರಿಣಾಮ ಗ್ರಾಹಕರಾದ ವರ್ತಕರನ್ನೂ ತಟ್ಟುತ್ತದೆ.

ಕೊರತೆಯ ಹಿನ್ನೆಲೆ

ಐಪಿವಿ4 ವ್ಯವಸ್ಥೆಯಲ್ಲಿ ಲಭ್ಯವಿರುವುದು ಸುಮಾರು 429 ಕೋಟಿ ವಿಳಾಸಗಳು ಮಾತ್ರ. ಜಾಗತಿಕ ದಾಸ್ತಾನಿನ ಕೊನೆಯ ಕಂತು 2011ರ ಫೆಬ್ರವರಿಯಲ್ಲಿ ವಿತರಣೆಯಾಯಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಏಷ್ಯಾ ಪೆಸಿಫಿಕ್ ವಲಯದ ನೋಂದಣಿ ಸಂಸ್ಥೆಯಾದ ಎಪಿನಿಕ್ ಪಡಿತರದ ಕ್ರಮವನ್ನು ಜಾರಿಗೊಳಿಸಿ, ಆ ದಾಸ್ತಾನಿನಿಂದ ಸದಸ್ಯರಿಗೆ ಗರಿಷ್ಠ 1,024 ವಿಳಾಸಗಳ ಮಿತಿ ವಿಧಿಸಿತು. 2019ರಲ್ಲಿ ಈ ಮಿತಿ 512ಕ್ಕೆ ಇಳಿಯಿತು. ಹಲವು ಸಾವಿರ ಗ್ರಾಹಕರನ್ನು ಹೊಂದಿರುವ ಸೇವಾದಾರನಿಗೆ ಇದು ಏತಕ್ಕೂ ಸಾಲದು.

ಹಂಚಿಕೆಯ ವೆಚ್ಚ

ಈ ಕೊರತೆಯನ್ನು ನೀಗಿಸಲು ಒಂದೇ ವಿಳಾಸವನ್ನು ಅನೇಕ ಗ್ರಾಹಕರಿಗೆ ಹಂಚುವ ಕ್ರಮ ರೂಢಿಗೆ ಬಂದಿದೆ. ಒಂದು ವಿಳಾಸದಲ್ಲಿ 65,536 ಪೋರ್ಟ್‌ಗಳಿರುತ್ತವೆ. 64 ಗ್ರಾಹಕರಿಗೆ ಹಂಚಿದರೆ ತಲಾ 1,024 ದೊರೆಯುತ್ತವೆ. ಮೇಲ್ನೋಟಕ್ಕೆ ಇದು ಮಿತವ್ಯಯದ ಮಾರ್ಗ. ಆದರೆ ಹಂಚಿಕೆಯ ಯಂತ್ರವನ್ನು ಗ್ರಾಹಕರ ಬಳಕೆ ಹೆಚ್ಚಿದಂತೆಲ್ಲ ವಿಸ್ತರಿಸಬೇಕು. ಯಾವ ಕ್ಷಣದಲ್ಲಿ ಯಾವ ಪೋರ್ಟ್ ಯಾರದಾಗಿತ್ತು ಎಂಬ ದಾಖಲೆಯನ್ನೂ ಕಾಯ್ದಿರಿಸಬೇಕು. ಗ್ರಾಹಕರ ಕಡೆಯಿಂದಲೂ ತೊಡಕುಗಳುಂಟು: ಕಾರ್ಖಾನೆಯ ಕ್ಯಾಮೆರಾವನ್ನಾಗಲೀ ಲೆಕ್ಕಪತ್ರದ ಸರ್ವರ್ ಅನ್ನಾಗಲೀ ಹೊರಗಿನಿಂದ ನೇರವಾಗಿ ತಲುಪುವುದು ಕಷ್ಟ. ಒಬ್ಬ ಗ್ರಾಹಕನ ದುರ್ಬಳಕೆಯಿಂದ ವಿಳಾಸವು ಕಪ್ಪುಪಟ್ಟಿಗೆ ಸೇರಿದರೆ, ಅದನ್ನು ಹಂಚಿಕೊಂಡ ಇತರರಿಗೂ ತೊಂದರೆ ತಪ್ಪದು.

ಹಿಂಜರಿಕೆಗೆ ಕಾರಣ

ಐಪಿವಿ6 ವಿಳಾಸಗಳಿಗೆ ಕೊರತೆಯಿಲ್ಲ. ಸೇವಾದಾರನಿಗೆ ದೊರೆಯುವ ಕನಿಷ್ಠ ಹಂಚಿಕೆಯಲ್ಲಿಯೇ 65,536 ಗ್ರಾಹಕ ತಾಣಗಳಿಗೆ ವಿಶಾಲವಾದ ವಿಳಾಸ ಸಮೂಹಗಳನ್ನು ನೀಡಬಹುದು. ಆದರೂ ಹಿಂಜರಿಕೆಗೆ ಕಾರಣಗಳಿವೆ. ಹಳೆಯ ಮೋಡೆಮ್‌ಗಳು ಹೊಸ ವಿಳಾಸವನ್ನು ಅರಿಯವು. ಬಿಲ್ಲಿಂಗ್ ತಂತ್ರಾಂಶವನ್ನು ತಿದ್ದಬೇಕು. ಸಿಬ್ಬಂದಿಗೆ ತರಬೇತಿ ಬೇಕು. ಎರಡು ಆವೃತ್ತಿಗಳು ನೇರವಾಗಿ ಸಂವಹಿಸಲಾರವಾದ್ದರಿಂದ ಕೆಲಕಾಲ ಎರಡನ್ನೂ ಜೊತೆಯಾಗಿ ನಡೆಸುವುದು ಅನಿವಾರ್ಯ. ಹೊಸ ವೆಚ್ಚ ಇಂದೇ ಬರುತ್ತದೆ, ಹಳೆಯ ವೆಚ್ಚ ಇಂದೇ ನಿಲ್ಲುವುದಿಲ್ಲ ಎಂಬುದೇ ಸಣ್ಣ ಬಂಡವಾಳದವರ ಸಂಕಟ.

ಬದಲಾದ ಲೆಕ್ಕಾಚಾರ

ಈ ಲೆಕ್ಕ ಕ್ರಮೇಣ ಬದಲಾಗಿದೆ. 2012ರ ಜೂನ್ 6ರಂದು ಗೂಗಲ್, ಫೇಸ್‌ಬುಕ್ ಮುಂತಾದ ಸಂಸ್ಥೆಗಳು ತಮ್ಮ ತಾಣಗಳಲ್ಲಿ ಐಪಿವಿ6 ಅನ್ನು ಶಾಶ್ವತವಾಗಿ ಅಳವಡಿಸಿದವು. ಭಾರತದಲ್ಲಿ ದೂರಸಂಪರ್ಕ ಇಲಾಖೆಯು 2010ರಲ್ಲಿಯೇ ಮಾರ್ಗಸೂಚಿ ಪ್ರಕಟಿಸಿ, 2013ರಲ್ಲಿ ಅದನ್ನು ಪರಿಷ್ಕರಿಸಿತು. 2016ರಲ್ಲಿ ಜಿಯೋ ಆರಂಭವಾದ ನಂತರ ಮೊಬೈಲ್ ಕ್ಷೇತ್ರದಲ್ಲಿ ಬಳಕೆ ವೇಗವಾಗಿ ಹೆಚ್ಚಿತು. ದೇಶದ ಅಂತರಜಾಲ ಬಳಕೆದಾರರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಈಗ ಐಪಿವಿ6 ಬಳಸಬಲ್ಲರು. ಇದರಿಂದ ಸಣ್ಣ ಸೇವಾದಾರನಿಗೂ ಲಾಭವಿದೆ. ಎರಡೂ ವಿಳಾಸಗಳನ್ನು ನೀಡಿದಾಗ ದೊಡ್ಡ ದೃಶ್ಯತಾಣಗಳ ದಟ್ಟಣೆ ಹೊಸ ದಾರಿಯಲ್ಲಿ ಸಾಗಿ, ಹಂಚಿಕೆ ಯಂತ್ರದ ಮೇಲಿನ ಹೊರೆ ಇಳಿಯುತ್ತದೆ. ಯಂತ್ರದ ಮುಂದಿನ ವಿಸ್ತರಣೆಯನ್ನು ಆಗ ಮುಂದೂಡಬಹುದು.

ಆದುದರಿಂದ ಸಕಾಲವನ್ನು ಪಂಚಾಂಗದಲ್ಲಲ್ಲ, ಖರೀದಿ ಪುಸ್ತಕದಲ್ಲಿ ಹುಡುಕಬೇಕು. ಹಂಚಿಕೆ ಯಂತ್ರವನ್ನು ವಿಸ್ತರಿಸುವ ಇಲ್ಲವೇ ಹೆಚ್ಚುವರಿ ವಿಳಾಸಗಳನ್ನು ಕೊಳ್ಳುವ ಪ್ರಸ್ತಾವ ಬಂದಾಗ ಬದಲಾವಣೆಯ ವೆಚ್ಚವನ್ನು ಅದರೊಡನೆ ತೂಗಿ ನೋಡಬೇಕು. ಅದಕ್ಕೂ ಮೊದಲು ಹೊಸದಾಗಿ ಕೊಳ್ಳುವ ಪ್ರತಿ ಮೋಡೆಮ್ ಐಪಿವಿ6ಗೆ ಸಿದ್ಧವಾಗಿರುವಂತೆ ನೋಡಿಕೊಳ್ಳುವುದು ಲೇಸು. ಮೇಲ್ಸ್ತರದ ಸೇವಾದಾರರ ಬೆಂಬಲವನ್ನು ಖಚಿತಪಡಿಸಿಕೊಂಡು, ಒಂದು ಬಡಾವಣೆಯಲ್ಲಿ ಪ್ರಯೋಗ ನಡೆಸಿ ಮುಂದುವರಿಯಬಹುದು.

ವರ್ತಕರು ಗಮನಿಸಬೇಕಾದುದು

ಸಂಪರ್ಕ ಪಡೆಯುವಾಗ ಅಥವಾ ನವೀಕರಿಸುವಾಗ ಮೂರು ಪ್ರಶ್ನೆಗಳನ್ನು ಕೇಳುವುದು ಒಳಿತು: ವಿಳಾಸ ಸ್ವಂತದ್ದೋ ಹಂಚಿದ್ದೋ? ಐಪಿವಿ6 ಲಭ್ಯವೇ? ಮೋಡೆಮ್ ಅದಕ್ಕೆ ಒಗ್ಗುವುದೇ? ಹೊಸ ವ್ಯವಸ್ಥೆಯಲ್ಲಿ ಪ್ರತಿ ಉಪಕರಣಕ್ಕೂ ಸ್ವಂತ ವಿಳಾಸ ದೊರೆಯುವುದರಿಂದ ರಕ್ಷಣಾ ಗೋಡೆಯಾದ ಫೈರ್‌ವಾಲ್ ಅನ್ನು ಸರಿಯಾಗಿ ಅಳವಡಿಸುವುದು ಅಗತ್ಯ. ಗ್ರಾಹಕರಿಂದ ಬೇಡಿಕೆ ಬಂದಲ್ಲಿ ಸಣ್ಣ ಸೇವಾದಾರರ ನಿರ್ಧಾರವೂ ಸುಲಭವಾದೀತು.