ಹೆಜ್ಜುಂಕವೂ ಕಿರುಕುಳವೂ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂದು ಗಾದೆ. ಆದರೆ ಲೆಕ್ಕ ಕೇಳಿದರೆ ಫಲವುಂಟು.

ನಮ್ಮ ಹಳೆಯ ಶಾಸನಗಳಲ್ಲಿ ಹೆಜ್ಜುಂಕ, ಕಿರುಕುಳ ಎಂಬ ಸುಂಕಗಳ ಹೆಸರು ಬರುತ್ತದೆ. ಮೊದಲನೆಯದು ದೊಡ್ಡ ಸುಂಕ; ಎರಡನೆಯದು ಚಿಲ್ಲರೆ ಸರಕಿನದು. ಇಂದು ನೀವು ಪರದೇಶದ ಅಂಗಡಿಯಿಂದ ಒಂದು ವಸ್ತುವನ್ನು ತರಿಸಿಕೊಂಡರೂ ಇಂಥದೇ ಜೋಡಿ ಎದುರಾಗುತ್ತದೆ.

ಹೆಜ್ಜುಂಕ ಸರ್ಕಾರದ್ದು; 1962ರ ಕಸ್ಟಮ್ಸ್ ಕಾಯಿದೆಯಂತೆ ವಿಧಿಸುವುದು. ಇದನ್ನು ವಸ್ತುವಿನ ಬೆಲೆಗಷ್ಟೇ ಅಲ್ಲ, ಸಾಗಣೆ, ವಿಮೆಗಳನ್ನೂ ಕೂಡಿಸಿದ ಮೊತ್ತಕ್ಕೆ ಹಾಕುತ್ತಾರೆ. ವಸ್ತುವಿಗೆ 800 ರೂಪಾಯಿ, ಸಾಗಣೆ ವಿಮೆಗಳಿಗೆ 200, ಒಟ್ಟು 1000 ಎನ್ನಿ. ಸುಂಕ ನೂರಕ್ಕೆ 10 ಎಂದು ಭಾವಿಸಿದರೆ 100 ರೂಪಾಯಿ. ಜಿ.ಎಸ್.ಟಿ. ನೂರಕ್ಕೆ 18 ಆದರೆ ಅದು 1000ಕ್ಕಲ್ಲ, 1100ಕ್ಕೆ; ಎಂದರೆ 198. ಅಲ್ಲಿಗೆ 800ರ ವಸ್ತು 1298 ಆಯಿತು. ದರಗಳು ವಸ್ತುವಿಗೆ ತಕ್ಕಂತೆ ಬೇರೆಯಾದಾವು, ಮೇಲ್ತೆರಿಗೆಯಿದ್ದರೆ ಅದೂ ಸೇರೀತು, ಕ್ರಮ ಇದೇ.

ಉಡುಗೊರೆಯೆಂದು ಬರೆಸಿದರಾಯಿತು ಎನ್ನಬೇಡಿ. ಅಂಚೆ, ಕೊರಿಯರುಗಳಲ್ಲಿ ಬರುವ ಉಡುಗೊರೆಗಳಿಗಿದ್ದ ವಿನಾಯಿತಿಯನ್ನು ಸರ್ಕಾರ 2019ರ ಡಿಸೆಂಬರಿನಲ್ಲಿ ತೆಗೆದುಹಾಕಿತು. ರಾಖಿಗೂ ಜೀವರಕ್ಷಕ ಔಷಧಗಳಿಗೂ ಮಾತ್ರ ಉಳಿಸಿತು.

ಕಿರುಕುಳ ಕೊರಿಯರಿನವರದು: ಕಾಗದಪತ್ರ ನೋಡಿಕೊಂಡದ್ದಕ್ಕೆ, ಸುಂಕವನ್ನು ಮುಂಗಡ ಕಟ್ಟಿದ್ದಕ್ಕೆ ಶುಲ್ಕ. ಇದು ಸುಂಕವಲ್ಲ, ಸೇವೆಯ ಕೂಲಿ. ಅಗ್ಗದ ವಸ್ತುವಿಗೆ ಒಮ್ಮೊಮ್ಮೆ ಇದೇ ಹೆಚ್ಚು ಭಾರ. ಆಗ ಈ ಮಾತಿನ ಇಂದಿನ ಅರ್ಥವೂ ಅನುಭವಕ್ಕೆ ಬರುತ್ತದೆ. ತರಿಸುವ ಮೊದಲೇ ವಿಚಾರಿಸಿ. ಹಣ ಕೊಡುವಾಗ ಎರಡನ್ನೂ ಬೇರೆಬೇರೆ ಕಾಣಿಸಿದ ರಸೀತಿ ಕೇಳಿ.

ಕೇಳದ ಪೊಟ್ಟಣ ಬಂದಿದೆ, ಸುಂಕವನ್ನು ಈ ಖಾತೆಗೆ ಕಳುಹಿಸಿ ಎಂದು ಯಾರಾದರೂ ಫೋನಿನಲ್ಲಿ ಅವಸರಪಡಿಸಿದರೆ ಆತ ಸುಂಕದವನೇ ಅಲ್ಲ, ವಂಚಕ. ಅವನಿಗೆ ಸುಖದುಃಖವನ್ನೂ ಹೇಳಬೇಡಿ, ಹಣವನ್ನೂ ಕೊಡಬೇಡಿ.