ಎರಡು ಗಂಟೆ ಹತ್ತು ನಿಮಿಷದ ಮೊಮ್ಮಗ

ನಾನು ಅಜ್ಜನಾಗಿದ್ದುದು ಎರಡು ಗಂಟೆ ಹತ್ತು ನಿಮಿಷಗಳ ಕಾಲ ಮಾತ್ರ. 2020ರ ಫೆಬ್ರುವರಿಯ ಒಂದು ಬೆಳಗಿನ ಜಾವ ನನ್ನ ಮಗಳ ಚೊಚ್ಚಲ ಮಗು ಹುಟ್ಟಿತು; ಬಿಸಿಲೇರುವ ಮೊದಲೇ ಹೊರಟುಹೋಯಿತು. ಅದಕ್ಕೆ ಮೂತ್ರಪಿಂಡಗಳೇ ಇರಲಿಲ್ಲ. ಶ್ವಾಸಕೋಶಗಳು ಬೆಳೆದಿರಲಿಲ್ಲ.

ಮೂತ್ರಪಿಂಡಕ್ಕೂ ಉಸಿರಿಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ವೈದ್ಯರನ್ನು ನಾನೂ ಅದನ್ನೇ ಕೇಳಿದ್ದೆ. ಗರ್ಭದಲ್ಲಿ ಮಗು ತೇಲುವ ನೀರು ನಾಲ್ಕನೆಯ ತಿಂಗಳ ನಂತರ ಬಹುಪಾಲು ಮಗುವಿನದೇ ಮೂತ್ರ. ಆ ನೀರಿನ ಆಸರೆಯಲ್ಲೇ ಮಗು ಉಸಿರಾಟದ ಅಭ್ಯಾಸ ಮಾಡುತ್ತದೆ, ಶ್ವಾಸಕೋಶ ಹಿಗ್ಗಿ ಬೆಳೆಯುತ್ತದೆ. ಮೂತ್ರಪಿಂಡವಿಲ್ಲದಿದ್ದರೆ ನೀರಿಲ್ಲ, ನೀರಿಲ್ಲದಿದ್ದರೆ ಶ್ವಾಸಕೋಶಕ್ಕೆ ಬೆಳವಣಿಗೆಯಿಲ್ಲ. ಗರ್ಭಕೋಶದ ಗೋಡೆ ಒತ್ತಿ ಮೂಗು ಚಪ್ಪಟೆಯಾಗುತ್ತದೆ, ಕಣ್ಣ ಕೆಳಗೆ ಮಡಿಕೆ ಬೀಳುತ್ತದೆ, ಪಾದಗಳು ತಿರುಚಿಕೊಳ್ಳುತ್ತವೆ. ಷಿಕಾಗೋದ ರೋಗವಿಜ್ಞಾನಿ ಈಡಿತ್ ಪಾಟರ್ 1946ರಲ್ಲಿ ಇಂತಹ ಶಿಶುಗಳ ಲಕ್ಷಣಗಳನ್ನು ವಿವರವಾಗಿ ದಾಖಲಿಸಿದರು. ಹಲವು ಸಾವಿರ ಜನನಗಳಲ್ಲಿ ಒಂದು ಹೀಗಾಗುತ್ತದೆ. ಆ ಒಂದು ನಮ್ಮ ಮನೆಯದಾಗಿತ್ತು.

ಶಿಶುವಿನ ಅಂಗಾಂಗಗಳನ್ನು ಪರಿಶೀಲಿಸುವ ಸ್ಕ್ಯಾನನ್ನು 18ರಿಂದ 20ನೇ ವಾರದೊಳಗೆ ಮಾಡಿಸಬೇಕೆಂದು ವೈದ್ಯರು ಹೇಳಿದ್ದರು. ‘ದೀಪಾವಳಿ ಕಳೆಯಲಿ, ತಮ್ಮನ ಮಗನ ಮದುವೆಯೂ ಮುಗಿಯಲಿ, ಅಷ್ಟೇನು ಅವಸರ’ ಎಂದು ಮುಂದೂಡಿಸಿದವನು ನಾನೇ. ಮದುವೆ ಮುಗಿದು ಸ್ಕ್ಯಾನ್‌ಗೆ ಹೋದಾಗ 22 ವಾರ ತುಂಬಿತ್ತು. ಪರದೆಯ ಮೇಲೆ ಮೂತ್ರಪಿಂಡಗಳಿರಲಿಲ್ಲ, ಮೂತ್ರಕೋಶವಿರಲಿಲ್ಲ, ಸುತ್ತ ನೀರಿರಲಿಲ್ಲ. ಹೃದಯ ಮಾತ್ರ ಚೆನ್ನಾಗಿ ಬಡಿಯುತ್ತಿತ್ತು.

1971ರ ಗರ್ಭಪಾತ ಕಾಯ್ದೆಯ ಮಿತಿ ಆಗ 20 ವಾರ. ಅದನ್ನು ಮೀರಿದವರು ನ್ಯಾಯಾಲಯದ ಮೆಟ್ಟಿಲೇರಬೇಕಿತ್ತು. 2008ರಲ್ಲಿ ಮುಂಬೈನ ನಿಕೇತಾ ಮೆಹ್ತಾ ಹಾಗೆ ಏರಿದ್ದರು. ಶಿಶುವಿನ ಹೃದಯದೋಷದ ಕಾರಣಕ್ಕೆ ಅವರು ಕೇಳಿದ ಅನುಮತಿಯನ್ನು ಬಾಂಬೆ ಹೈಕೋರ್ಟ್ ನಿರಾಕರಿಸಿತು. ನನ್ನ ಮಗಳು ಆ ದಾರಿಯನ್ನು ಒಪ್ಪಲಿಲ್ಲ. ‘ಅಪ್ಪಾ, ನನ್ನ ಮಗುವಿನ ವಿಚಾರ ಕೋರ್ಟಿನಲ್ಲಿ ಬೇಡ. ಇರುವಷ್ಟು ದಿನ ಇರಲಿ’ ಎಂದಳು. ಮೊದಲೇ ತಿಳಿದಿದ್ದರೂ ಅವಳು ಇದನ್ನೇ ಹೇಳುತ್ತಿದ್ದಳೇನೋ. ಆದರೆ ಯೋಚಿಸಿ ನಿರ್ಧರಿಸುವ ಅವಕಾಶವನ್ನು ಅವಳಿಂದ ಕಸಿದುಕೊಂಡವನು ನಾನು. ಈ ಮಾತನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಆ ದಿನಗಳಲ್ಲಿ ನಮ್ಮ ಬಂಧುಗಳೂ ಸುಮ್ಮನಿರಲಿಲ್ಲ. ಪರಂಗಿ ಹಣ್ಣು ತಿಂದಳೇ ಎಂದರು ಒಬ್ಬರು. ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಹೊರಗೆ ಬಂದಿದ್ದಳಂತೆ ಎಂದರು ಇನ್ನೊಬ್ಬರು. ಸ್ಕ್ಯಾನ್ ನಡೆದದ್ದು ನವೆಂಬರಿನಲ್ಲಿ! ಮೂತ್ರಪಿಂಡ ರೂಪುಗೊಳ್ಳಲು ತೊಡಗುವುದು ಗರ್ಭಧಾರಣೆಯಾದ ಐದಾರು ವಾರಗಳಲ್ಲೇ; ಎಷ್ಟೋ ಹೆಣ್ಣುಮಕ್ಕಳು ಆಗಿನ್ನೂ ತವರಿಗೆ ಸುದ್ದಿ ಮುಟ್ಟಿಸಿರುವುದಿಲ್ಲ. ತಾಯಿ ಉಂಡದ್ದಕ್ಕಾಗಲೀ ಕಂಡದ್ದಕ್ಕಾಗಲೀ ಇದರಲ್ಲಿ ಪಾತ್ರವಿಲ್ಲ. ತಂದೆ ತಾಯಿಯರಲ್ಲಿ ಒಬ್ಬರಿಗೆ ಒಂದೇ ಮೂತ್ರಪಿಂಡವಿದ್ದು, ಅದು ಅವರಿಗೇ ಗೊತ್ತಿಲ್ಲದಿರುವುದುಂಟು. ಆದ್ದರಿಂದ ಇಬ್ಬರೂ ಸ್ಕ್ಯಾನ್ ಮಾಡಿಸಿಕೊಳ್ಳುವುದು ಒಳಿತು ಎಂದು ವೈದ್ಯರು ಸೂಚಿಸಿದರು. ಅಳಿಯ ಮರುಮಾತಾಡದೆ ಹೋಗಿ ಮಾಡಿಸಿಕೊಂಡರು. ಇಬ್ಬರಲ್ಲೂ ದೋಷವಿರಲಿಲ್ಲ.

ಹೆರಿಗೆಯ ದಿನ ನಾನು ಮತ್ತೊಂದು ತಪ್ಪು ಮಾಡಲಿದ್ದೆ. ಇಂತಹ ಮಗುವನ್ನು ತಾಯಿಗೆ ತೋರಿಸದೆ ಒಯ್ಯುವುದೇ ಮೇಲು, ಮುಖ ನೋಡಿದರೆ ಮರೆಯುವುದು ಕಷ್ಟ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ನಾನೂ ಹಾಗೆಯೇ ಹೇಳಿದೆ. ವೈದ್ಯರು ಕೇಳಲಿಲ್ಲ. ಕೃತಕ ಉಸಿರಾಟದಿಂದ ಮಗುವಿಗೆ ನೋವಷ್ಟೇ, ಫಲವಿಲ್ಲ ಎಂದು ಸಮಾಧಾನದಿಂದ ತಿಳಿಸಿ, ಮಗುವನ್ನು ಬಟ್ಟೆಯಲ್ಲಿ ಸುತ್ತಿ ತಾಯಿಯ ಎದೆಯ ಮೇಲೆ ಮಲಗಿಸಿದರು. ಆ ಎರಡು ಗಂಟೆ ಹತ್ತು ನಿಮಿಷ ಅದು ಅಲ್ಲಿಯೇ ಇತ್ತು. ಮಗಳು ಅದರ ಕಿವಿಯಲ್ಲಿ ಏನೋ ಹೇಳುತ್ತಿದ್ದಳು. ಮೂರನೆಯ ದಿನ ಅವಳಿಗೆ ಹಾಲು ಬಂತು. ಅದಕ್ಕೆ ಯಾರೂ ನಮ್ಮನ್ನು ಸಿದ್ಧಗೊಳಿಸಿರಲಿಲ್ಲ.

ಅಂದಿನಿಂದ ಕೆಲವು ಬದಲಾವಣೆಗಳಾಗಿವೆ. 2021ರ ತಿದ್ದುಪಡಿಯ ಪ್ರಕಾರ, ಶಿಶುವಿನ ಗಂಭೀರ ದೋಷವನ್ನು ವೈದ್ಯಕೀಯ ಮಂಡಳಿ ದೃಢಪಡಿಸಿದರೆ ವಾರಗಳ ಮಿತಿ ಅಡ್ಡಬರುವುದಿಲ್ಲ. ಶಿಶು ಹುಟ್ಟಿದೊಡನೆ ತೀರಿಕೊಂಡರೆ ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ 60 ದಿನಗಳ ವಿಶೇಷ ರಜೆ ನೀಡುವ ಆದೇಶ 2022ರಲ್ಲಿ ಹೊರಟಿತು. ಗರ್ಭದೊಳಗೆ ಪದೇ ಪದೇ ದ್ರವ ತುಂಬಿಸಿ ಶ್ವಾಸಕೋಶ ಬೆಳೆಸುವ ಪ್ರಯತ್ನದ ಫಲಿತಾಂಶ 2023ರಲ್ಲಿ ಅಮೆರಿಕದಿಂದ ಬಂತು: ಜೀವಂತ ಹುಟ್ಟಿದ 17 ಶಿಶುಗಳಲ್ಲಿ 14 ಡಯಾಲಿಸಿಸ್ ಹಂತ ತಲುಪಿದವು, ಆಸ್ಪತ್ರೆಯಿಂದ ಮನೆಗೆ ಹೋದವು ಆರು. ಇದನ್ನು ಆಸೆಯೆನ್ನಬಹುದು, ಪರಿಹಾರವೆನ್ನಲಾಗದು.

ಆದರೆ ಕಾನೂನು, ವಿಜ್ಞಾನಗಳು ಮಾಡಲಾಗದ ಕೆಲಸಗಳು ಮನೆಯವರ ಪಾಲಿಗೆ ಉಳಿಯುತ್ತವೆ. ಹಬ್ಬ, ಮದುವೆಗಳಿಗಾಗಿ ಆ ಸ್ಕ್ಯಾನನ್ನು ಮುಂದೂಡಬೇಡಿ. ನಿರ್ಧಾರವನ್ನು ಮಗಳಿಗೆ ಬಿಡಿ. ಅವಳನ್ನು ದೂರಬೇಡಿ. ಮಗು ಎಷ್ಟು ಹೊತ್ತು ಬದುಕಿದರೂ ಅವಳ ಮಡಿಲಿಗೆ ಕೊಡಿ.

ಕೆಲವೇ ಗಂಟೆ ಬದುಕಿದರೂ ಜನನ, ಮರಣ ಎರಡನ್ನೂ ನೋಂದಾಯಿಸಬೇಕು. ನಮ್ಮ ಮಗುವಿನ ಎರಡು ಪ್ರಮಾಣಪತ್ರಗಳಲ್ಲೂ ದಿನಾಂಕ ಒಂದೇ. ಹೆಸರಿನ ಜಾಗ ಖಾಲಿಯಿದೆ. ಅಂದು ಕಿವಿಯಲ್ಲಿ ಹೇಳಿದ್ದು ಹೆಸರೇ ಇರಬೇಕು. ಮಗಳು ಅದನ್ನು ನಮಗೆ ಹೇಳಿಲ್ಲ. ನಾನು ಕೇಳಿಯೂ ಇಲ್ಲ.