ತುಂಬಿದ ವಿಮಾನಕ್ಕೂ ನಷ್ಟ ಯಾಕೆ?

ಒಂದು ದೇಶದ ವಿಮಾನ ಉದ್ಯಮ ಗಟ್ಟಿಯಾಗಿದೆಯೋ ಟೊಳ್ಳಾಗಿದೆಯೋ ಅಂತ ಅಳೆಯುವುದು ಹೇಗೆ ಗೊತ್ತಾ? ಎಷ್ಟು ಜನ ಹಾರುತ್ತಾರೆ ಅಂತ ಎಣಿಸಿದರೆ ಆಯ್ತಲ್ಲ ಅನ್ನುತ್ತೀರಿ. ಅಷ್ಟು ಸಾಲದು. ದೇಶದೊಳಗಿನ ವಿಮಾನ ಪ್ರಯಾಣದಲ್ಲಿ ಅಮೆರಿಕ, ಚೀನಾ ಬಿಟ್ಟರೆ ನಮ್ಮ ಭಾರತವೇ ದೊಡ್ಡದು. ಆದರೂ ಬೆಂಗಳೂರಿನ ಕಿಂಗ್‌ಫಿಷರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ ಹಾರಾಟ ನಿಲ್ಲಿಸಿದವು. ಕಿಂಗ್‌ಫಿಷರ್ ಕೆಲಸಗಾರರಿಗೆ ತಿಂಗಳುಗಟ್ಟಲೆ ಸಂಬಳವೇ ಸಿಗಲಿಲ್ಲ.

ವಿಮಾನದವರ ಅಳತೆಗೋಲು ಸೀಟು-ಕಿಲೋಮೀಟರು. ಒಂದು ಸೀಟು ಒಂದು ಕಿಲೋಮೀಟರು ಹೋದರೆ ಒಂದು ಸೀಟು-ಕಿಲೋಮೀಟರು. ಅದರಲ್ಲಿ ಜನ ಕೂತಿರಲಿ ಬಿಡಲಿ, ಖರ್ಚಂತೂ ಆಗಿಯೇ ಆಗುತ್ತದೆ. ನಾನು ಒಂದು ಲೆಕ್ಕ ಮಾಡಿದ್ದೇನೆ. 180 ಸೀಟಿನ ವಿಮಾನ 1000 ಕಿ.ಮೀ. ಹೋಯಿತು ಅನ್ನಿ. ಒಟ್ಟು 1,80,000 ಸೀಟು-ಕಿಲೋಮೀಟರು. ಒಂದಕ್ಕೆ 5 ರೂಪಾಯಿ ಖರ್ಚು ಅಂತ ಸುಮ್ಮನೆ ಲೆಕ್ಕಕ್ಕೆ ಇಟ್ಟುಕೊಂಡರೆ 9 ಲಕ್ಷ ರೂಪಾಯಿ. ಟಿಕೆಟ್ಟಿಗೆ 4500 ರೂಪಾಯಿ. ಒಂದು ಸೀಟೂ ಖಾಲಿ ಇಲ್ಲ. ಬಂದ ಹಣ 8,10,000. ವಿಮಾನ ತುಂಬಿದ್ದರೂ 90,000 ರೂಪಾಯಿ ನಷ್ಟ! ಟಿಕೆಟ್ಟನ್ನು 6500 ಮಾಡಿದರೆ 140 ಜನ ಬಂದರೂ 10,000 ಲಾಭ. ಆದರೆ ಪಕ್ಕದ ಕಂಪನಿಯವರು 4500ಕ್ಕೇ ಕೊಟ್ಟರೆ ಇವರ ಹತ್ತಿರ ಯಾರು ಬರ್ತಾರೆ?

ಹಾಗಾಗಿ ಪೈಪೋಟಿಯಲ್ಲಿ ಉಳಿಯುವವರು ಟಿಕೆಟ್ ಇಳಿಸಿದವರಲ್ಲ, ಆ 5 ರೂಪಾಯಿಯನ್ನು ಇಳಿಸಿದವರು. ನಮ್ಮ ಹಾಸನ ಜಿಲ್ಲೆಯ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿ, ಕೆಲವು ಸೀಟುಗಳನ್ನು ಒಂದು ರೂಪಾಯಿಗೂ ಕೊಟ್ಟರು. ಬಡವರೂ ಹಾರಲಿ ಅಂದ ಅವರು ನನಗೆ ಬಹಳ ಇಷ್ಟ. ಆದರೆ ಕಂಪನಿ ನಷ್ಟದಲ್ಲೇ ಇತ್ತು. 2008ರಲ್ಲಿ ಅದು ಕಿಂಗ್‌ಫಿಷರ್ ಜೊತೆ ಸೇರಿಹೋಯಿತು. ಖರ್ಚು ಇಳಿಸುವುದು ಸುಲಭ ಅಲ್ಲ. ಎಣ್ಣೆಯದೇ ದೊಡ್ಡ ಖರ್ಚು. ವಿಮಾನದ ಬಾಡಿಗೆಯನ್ನು ಡಾಲರಿನಲ್ಲಿ ಕೊಡಬೇಕು, ಟಿಕೆಟ್ ಹಣ ಬರುವುದು ರೂಪಾಯಿಯಲ್ಲಿ.

ಸಿಂಗಾಪುರ ನೋಡಿ. ದೇಶದೊಳಗೆ ಹಾರುವಷ್ಟು ಜಾಗವೇ ಇಲ್ಲ. ಆದರೂ 2024ರಲ್ಲಿ ಅಲ್ಲಿನ ಚಾಂಗಿ ನಿಲ್ದಾಣದಲ್ಲಿ 6 ಕೋಟಿಗೂ ಹೆಚ್ಚು ಪ್ರಯಾಣಿಕರು ಓಡಾಡಿದರು. ಬೇರೆ ದೇಶದವರೂ ಅಲ್ಲಿ ಇಳಿದು ವಿಮಾನ ಬದಲಿಸುತ್ತಾರೆ.

ಇನ್ನೊಂದು ಅಳತೆ, ಎಷ್ಟು ಕಂಪನಿಗಳು ಉಳಿದಿವೆ ಎಂಬುದು. 2024ರಲ್ಲಿ ಭಾರತದೊಳಗೆ ಹಾರಿದ ಹತ್ತು ಜನರಲ್ಲಿ ಸುಮಾರು ಒಂಬತ್ತು ಜನ ಇಂಡಿಗೋ ಅಥವಾ ಏರ್ ಇಂಡಿಯಾ ಗುಂಪಿನ ವಿಮಾನ ಹತ್ತಿದವರು. 2025ರ ಡಿಸೆಂಬರಿನಲ್ಲಿ ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮಕ್ಕೆ ತಕ್ಕ ಹಾಗೆ ಇಂಡಿಗೋ ಸಿದ್ಧವಾಗಿರಲಿಲ್ಲ. ಸಾವಿರಾರು ವಿಮಾನ ರದ್ದಾದವು. ಬೇರೆಯವರ ಹತ್ತಿರ ಅಷ್ಟು ಜನರನ್ನು ಕೂರಿಸಲು ಸೀಟೆಲ್ಲಿದೆ?

ಕೊನೆಯದು ಹೊಗೆ. ವಿಮಾನಕ್ಕೆ ಹಾಕುವುದು ಸೀಮೆಎಣ್ಣೆಯ ಜಾತಿಯ ಎಣ್ಣೆಯೇ. ಒಂದು ಕಿಲೋ ಉರಿದರೆ 3 ಕಿಲೋಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಬರುತ್ತದೆ. ಒಂದು ಕಿಲೋದಿಂದ ಮೂರು ಕಿಲೋ ಹೇಗೆ ಅಂತೀರಾ? ಗಾಳಿಯಲ್ಲಿರುವ ಆಮ್ಲಜನಕವೂ ಸೇರುತ್ತದಲ್ಲ! ವಿಮಾನ ತುಂಬಿದ್ದರೆ ಒಬ್ಬೊಬ್ಬರ ಪಾಲಿನ ಹೊಗೆ ಕಡಿಮೆ. ಆದರೆ ವಿಮಾನಗಳೇ ಹೆಚ್ಚಾದರೆ ಒಟ್ಟು ಹೊಗೆ ಹೆಚ್ಚು. ಈಗ ಬಳಸಿದ ಅಡುಗೆ ಎಣ್ಣೆಯಿಂದಲೂ, ಅಂದರೆ ಬಜ್ಜಿ ಕರಿದ ಎಣ್ಣೆಯಿಂದಲೂ, ವಿಮಾನದ ಎಣ್ಣೆ ತಯಾರಿಸುತ್ತಾರೆ. ಆದರೆ ಅದರ ಬೆಲೆ ಎರಡು ಪಟ್ಟಿಗೂ ಜಾಸ್ತಿ. ಅದನ್ನು ಹಾಕಿದರೆ ನನ್ನ ಲೆಕ್ಕದ 5 ರೂಪಾಯಿ ಮತ್ತೆ ಏರುತ್ತದೆ.